ಲೆಸ್ ಅಂದ್ರ ಇಲ್ಲ, ಫುಲ್ ಅಂದ್ರ ತುಂಬೇತಿ

ಇಂಗ್ಲಿಷ್ ಕಲಸೂ ಮಂದಿ ನಗಿ ಹುಡುಕ್ಕೊಂಡು ಎಲ್ಲೂ ಹೋಗೂದು ಬ್ಯಾಡ್ರಿ. ಅದ ನಮ್ಮನ್ನ ಹುಡುಕ್ಕೊಂಡು ಬರತೈತಿ, ವಾರಕ್ಕ ಒಂದರ ಸಲ. ನಾ ಇಂಡಿಯಾಕಿ. ದೇಶ ಅನಕೋಬ್ಯಾಡ್ರಿ, ನಿಂಬಿಹಣ್ಣಿನ ಇಂಡಿ. ಬಸವನ ಬಾಗೇವಾಡಿ ಹೈಸ್ಕೂಲಿನ್ಯಾಗ ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಕಲಸಾಕತ್ತೇನಿ. ಸಿಟ್ಟು ನನಗ ಮೂಗಿನ ತುದಿಮ್ಯಾಲ ಐತಿ ಅಂತ ಎಲ್ಲಾರೂ ಅಂತಾರ, ಸುಳ್ಳೇನಲ್ಲ. ಆ ಸಿಟ್ಟನ್ನ ಪೂರಾ ಇಳಿಸಿದಾಕಿ ಅಂದ್ರ ನಮ್ಮ ಸಾಲ್ಯಾಗ ಬಿಸಿಯೂಟ ಮಾಡೂ ಅಕ್ಕ. ಇಲ್ಲಿ ಹೇಳೂದೆಲ್ಲಾ ಆಕಿದ.

ದ್ರಾಕ್ಷಿ

ಒಂದಿನ ಮಧ್ಯಾಹ್ನ ಭಾಂಡೆ ತೊಳದು, ಸೆರಗಿಗೆ ಕೈ ಒರಸ್ಕೋತ ಅಡಿಗಿ ಅಕ್ಕ ಸ್ಟಾಫ್ ರೂಮಿನ ಬಾಗಲದಾಗ ನಿಂತ್ಲು.

"ಅಕ್ಕೋರ, ನನಗ ಇಂಗ್ಲಿಷ್ ಹೇಳಿಕೊಡ್ತೀರೇನ್ರಿ?"

"ನಿನಗ್ಯಾಕ ಬೇ ಇಂಗ್ಲಿಷ್? ಬ್ಯಾಳಿ ಕುದಸಾಕ?"

ಅಂದಮ್ಯಾಲ ನನಗ ನಾಚಿಕಿ ಬಂತು. ಯಾಕಂದ್ರ ಆಕಿ ನಗಲಿಲ್ಲ. ಸಿಂದಗಿಯೊಳಗ ಹುಡುಗ್ಯಾರ ಹಾಸ್ಟೆಲ್‌ಗೆ ಅಡಿಗಿಯಾಕಿ ಬೇಕಾಗ್ಯಾಳಂತ. ಆದ್ರ ಹತ್ತನೇತ್ತಾ ಪಾಸ್ ಆಗಿರಬೇಕು. ಆಕಿ ಹೊರಗಿನಿಂದ ಪರೀಕ್ಷಾ ಕಟ್ಟಿ ಎಲ್ಲಾ ವಿಷಯ ಪಾಸ್ ಮಾಡ್ಯಾಳ, ಇಂಗ್ಲಿಷ್ ಒಂದು ಮಾತ್ರ ಮೂರು ಸಲ ಕೈ ಕೊಟ್ಟೈತಿ. "ಈ ಸಲ ಆಗಲಿಲ್ಲಂದ್ರ ಆ ಕೆಲಸ ಬ್ಯಾರೇದಾಕಿಗೆ ಹೋಗತೈತ್ರಿ. ನನಗ ಅದು ಬೇಕ್ರಿ ಅಕ್ಕೋರ" ಅಂದ್ಲು.

"ಕುಂಡ್ರು" ಅಂದೆ. ಶಬ್ದದ ಬಾಲದಿಂದ ಸುರು ಮಾಡಿದೆ. ಹೋಮ್‌ಲೆಸ್, ಕೇರ್‌ಲೆಸ್, ಯೂಸ್‌ಲೆಸ್. ಹತ್ತು ನಿಮಿಷ ಒದರಿದೆ. ಆಕಿ ಕಣ್ಣು ಪಿಳಿಪಿಳಿ ಬಿಟಗೋತ ಕುಂತಿದ್ಲು. ನನ್ನ ತಲಿ ಕೆಟ್ಟು ಹೋತು.

"ಸಾಲಿಗೆ ಬರೂಕಿಂತ ಮೊದಲ ಏನ ಮಾಡತಿದ್ದಿ ಬೇ ನೀ?"

"ದ್ರಾಕ್ಷಿ ತೋಟಕ್ಕ ಕೂಲಿ ಹೋಗತಿದ್ದೆ ರೀ."

"ಯಾವ ದ್ರಾಕ್ಷಿ?"

"ಸೀಡ್‌ಲೆಸ್ ರೀ."

"ಹಂಗಂದ್ರ?"

"ಬೀಜ ಇರೂದಿಲ್ಲರಿ."

"ಅಷ್ಟ ಬೇ! ಲೆಸ್ ಅಂದ್ರ ಇಲ್ಲ!"

ಆಕಿ ಬಾಯಿಮ್ಯಾಲ ಕೈ ಇಟಗೊಂಡ್ಲು. "ಅಯ್ಯ ಶಿವನ! ಇಷ್ಟ ಏನ್ರಿ? ಮೂರು ಸಲ ನನ್ನ ಫೇಲ್ ಮಾಡಿದ್ದು ದ್ರಾಕ್ಷಿ ಏನ್ರಿ?"

ಮರುದಿನ ಹೆಡ್‌ಮಾಸ್ತರ್ರು ಊಟದ ರುಚಿ ನೋಡಿ ಮಾರಿ ಕಿವಿಚಿದ್ರು. "ಏನವಾ, ಸಾರಿಗೆ ಉಪ್ಪು ಹಾಕೂದ ಮರತೀಯಲ್ಲ?"

"ಮರತಿಲ್ಲರಿ ಸರ್ರ" ಅಂದ್ಲು ಅಡಿಗಿ ಅಕ್ಕ, "ಇದು ಸಾಲ್ಟ್‌ಲೆಸ್."

ಹೆಡ್‌ಮಾಸ್ತರ್ರು ಸೀದಾ ನನ್ನ ಕಡೆ ಬಂದು, "ಅಕ್ಕೋರ, ಕೈ ಮುಗೀತೇನಿ, ಆಕಿಗೆ ಜಲ್ದಿ ಫುಲ್ ಕಲಸ್ರಿ" ಅಂದ್ರು.

ಅತ್ತಿ

ಕಲಸಿದೆ. ಕೇರ್‌ಫುಲ್, ಹೆಲ್ಪ್‌ಫುಲ್, ಯೂಸ್‌ಫುಲ್. "ಫುಲ್ ಅಂದ್ರ ತುಂಬೇತಿ ಅಂತ ತಿಳಕೋ." ಇದಕ್ಕ ಯಾವ ಹಣ್ಣೂ ಬೇಕಾಗಲಿಲ್ಲ. ಗೊಳಸಂಗಿಯಿಂದ ದಿನಾ ಬಸ್ಸಿಗೆ ಬರೂ ಹೆಣ್ಮಗಳಿಗೆ ಫುಲ್ ಅಂದ್ರ ಏನಂತ ಯಾರೂ ಹೇಳಬೇಕಿಲ್ಲ.

ಆಮ್ಯಾಲ ಸುರು ಆತು ನೋಡ್ರಿ. "ಬಸ್ಸು ಸೀಟ್‌ಲೆಸ್ ರೀ, ಮಂದಿಫುಲ್" ಅನ್ನೂದು. "ಇವತ್ತು ನಳಾ ನೀರ್‌ಲೆಸ್ ರೀ" ಅನ್ನೂದು. ನಾ ಕನ್ನಡಕ್ಕ ಬಾಲ ಹಚ್ಚಬ್ಯಾಡ ಅಂತ ಬಡಕೊಂಡೆ. ಕೇಳಬೇಕಲ್ಲ.

ಮನಿಯೊಳಗೂ ಬಿಡಲಿಲ್ಲ. ಓದಾಕ ಕುಂತಾಗ ಅತ್ತಿ ಒಂದ ಸಮನ ಮಾತಾಡ್ತಾಳಂತ. ಒಂದಿನ ಬ್ಯಾಸತ್ತು, "ನಮ್ಮತ್ತಿ ಬಾಯಿಫುಲ್, ಹಲ್ಲುಲೆಸ್" ಅಂದಬಿಟ್ಟಾಳ.

"ಏನಂದಿ ಬೇ?" ಅಂತ ಅತ್ತಿ ಎದ್ದು ನಿಂತ್ಲಂತ.

"ಇಂಗ್ಲಿಷ್‌ನ್ಯಾಗ ನಿಮ್ಮನ್ನ ಹೊಗಳಿದೆ ರೀ."

ಅತ್ತಿಗೆ ಹಿಗ್ಗೋ ಹಿಗ್ಗು. ಸಂಜೀಕ ಓಣಿಯೊಳಗ ಕಟ್ಟಿಮ್ಯಾಲ ಕುಂತು ಎಲ್ಲಾರಿಗೂ ಹೇಳಿದ್ಲಂತ: "ನಿಮ್ಮ ಸೊಸ್ತೇರು ನಿಮಗ ಏನ ಅಂತಾರೋ ಗೊತ್ತಿಲ್ಲವಾ. ನನ್ನ ಸೊಸಿ ಮಾತ್ರ ನನಗ ಬಾಯಿತುಂಬ ಬಾಯಿಫುಲ್ ಅಂತಾಳ!"

ಲೆಸನ್

ಪರೀಕ್ಷಾ ಹತ್ರ ಬಂದಂಗ ಆಕಿ ಸಣ್ಣಾದ್ಲು. ಒಂದಿನ ಪುಸ್ತಕ ಮುಚ್ಚಿ, "ಆಗೂದಿಲ್ಲರಿ ಅಕ್ಕೋರ. ನಲವತ್ತು ದಾಟಿದಾಕಿ ನಾನು. ನನ್ನ ತಲ್ಯಾಗ ಏನೂ ಇಲ್ಲ" ಅಂದ್ಲು. ನನಗೂ ಒಳಗ ಅಂಜಿಕಿ ಆತು. ಆದ್ರ ತೋರಿಸಿಕೊಂಡ್ರ ಹೆಂಗ?

"ಸುಮ್ಮ ಕುಂಡ್ರು" ಅಂತ ಜಬರಿಸಿದೆ. "ಕಡೀ ಲೆಸನ್ ತಗಿ."

ಪುಸ್ತಕ ತಗದ್ಲು. ಲೆಸನ್ ಅನ್ನೂ ಶಬ್ದದ ಮ್ಯಾಲ ಬೆರಳಿಟ್ಟು ಭಾಳೊತ್ತು ನೋಡಿದ್ಲು. ಆಮ್ಯಾಲ ಮೆಲ್ಲಕ ಕೇಳಿದ್ಲು:

"ಅಕ್ಕೋರ, ಲೆಸ್ ಅಂದ್ರ ಇಲ್ಲ. ಆನ್ ಅಂದ್ರ ಚಾಲೂ ಮಾಡೂದು. ಲೆಸ್-ಆನ್ ಅಂದ್ರ ಇಲ್ಲದ್ದನ್ನ ಚಾಲೂ ಮಾಡೂದೇನ್ರಿ?"

ತಪ್ಪು ಅಂತ ಹೇಳಾಕ ಮನಸ್ಸ ಬರಲಿಲ್ಲ. ಇಪ್ಪತ್ತು ವರ್ಷ ಕಲಸೇನಿ, ಇಷ್ಟು ಚಂದ ಅರ್ಥ ನನಗ ಹೊಳದಿದ್ದಿಲ್ಲ. ಖುಷಿ ತಡೀಲಾರದ ಆಕಿ ಬೆನ್ನಿಗೆ ಒಂದ ಗುದ್ದು ಕೊಟ್ಟೆ.

"ಚಾಲೂ ಆತಲ್ಲ ಬೇ! ಇನ್ನ ಬಂದ್ ಮಾಡಬ್ಯಾಡ."

ಅಗ್ಲಿ

ಪರೀಕ್ಷಾ ಸೆಂಟರ್ ಮುದ್ದೇಬಿಹಾಳದಾಗ ಬಿತ್ತು. ಅವತ್ತ ನಾ ರಜಾ ಹಾಕಿ ಜೋಡಿ ಹೋದೆ. ಗೇಟಿನ ಹೊರಗ ಬೇವಿನ ಗಿಡದ ನೆಳ್ಳಾಗ ಮೂರು ತಾಸು ಕುಂತೆ. ನಾನ ಪರೀಕ್ಷಾ ಬರಿಯೂವಾಗೂ ಅಷ್ಟು ಅಂಜಿದ್ದಿಲ್ಲ.

ಆಕಿ ಹೊರಗ ಬಂದ ಕೂಡಲೇ ಪ್ರಶ್ನೆಪತ್ರಿಕಿ ಕಸಗೊಂಡೆ. "ವಿರುದ್ಧ ಪದಾ ಏನ ಬರದಿ? ಯೂಸ್‌ಫುಲ್?"

"ಯೂಸ್‌ಲೆಸ್ ರೀ."

"ಭೇಷ್! ಕೇರ್‌ಫುಲ್?"

"ಕೇರ್‌ಲೆಸ್ ರೀ."

"ಬ್ಯೂಟಿಫುಲ್?"

"ಬ್ಯೂಟಿಲೆಸ್ ರೀ."

ನಾ ಹಣಿ ಹಣಿ ಬಡಕೊಂಡೆ. "ಅಗ್ಲಿ ಬೇ, ಅಗ್ಲಿ!"

ಆಕಿ ನನ್ನ ಭುಜದ ಮ್ಯಾಲ ಕೈ ಇಟ್ಟು ಸಮಾಧಾನ ಮಾಡಿದ್ಲು. "ಹೌದ್ರಿ ಅಕ್ಕೋರ, ಆಗ್ಲಿ ಬಿಡ್ರಿ. ಬರದದ್ದು ಬರದಾತು, ಒಂದ ಮಾರ್ಕಿಗೆ ಅಷ್ಟ್ಯಾಕ ಹಚಗೋತೀರಿ?"

ಸಾಹೇಬರು

ಪಾಸಾದ್ಲು! ಅಂಚಿನ್ಯಾಗ ಪಾಸಾದ್ಲು, ಆದ್ರೇನು, ಪಾಸ್ ಅಂದ್ರ ಪಾಸ್. ಸುದ್ದಿ ಬಂದಾಗ ಆಕಿ ಅಳಾಕತ್ಲು. ನಾನೂ ಅತ್ತೆ. ಹೆಡ್‌ಮಾಸ್ತರ್ರು ಮಾತ್ರ "ಇನ್ನ ಸಾರು ಯಾರ ಮಾಡ್ತಾರ?" ಅಂತ ಚಿಂತಿ ಮಾಡಿದ್ರು.

ಸಿಂದಗಿಗೆ ನಾವಿಬ್ಬರೂ ಕೂಡೇ ಹೋದ್ವಿ. ಮೊದಲ ಹಾಸ್ಟೆಲ್‌ನ್ಯಾಗ ಅಡಿಗಿ ಪರೀಕ್ಷಾ ಆತು. ರೊಟ್ಟಿ ಬಡದ್ಲು, ಎಣಗಾಯಿ ಪಲ್ಲೆ ಮಾಡಿದ್ಲು. ಆರಿಸಾಕ ಬಂದಿದ್ದ ಸಾಹೇಬ್ರು ನಾಕು ರೊಟ್ಟಿ ಉಂಡ್ರು. ತೆಂಕಣ ಸೀಮಿಯವರು, ಮಾತು ಭಾಳ ನಯ. ಊಟ ಆದಮ್ಯಾಲ ಆಕಿ ಮಾರ್ಕ್ಸ್ ಕಾರ್ಡ್ ನೋಡಿದ್ರು. ಈ ವಯಸ್ಸಿನ್ಯಾಗ ಓದ್ಯಾಳ ಅಂತ ಅವರಿಗೂ ಕಣ್ಣು ತುಂಬಿ ಬಂತು. ಕಾರ್ಡು ವಾಪಸ್ ಕೊಟ್ಟು, ಭಾಳ ಪ್ರೀತಿಲೇ ಅಂದ್ರು:

"ತುಂಬಾ ಸಂತೋಷ ಆಯ್ತಮ್ಮ. ಗಾಡ್ ಬ್ಲೆಸ್ ಯೂ."

ಅಡಿಗಿ ಅಕ್ಕನ ಮಾರಿ ಕಪ್ಪಿಟ್ತು. ಕಾರ್ಡು ಎದಿಗೆ ಅವಚಿಕೊಂಡು ನಿಂತಬಿಟ್ಲು.

"ಯಾಕ್ರಿ ಸಾಹೇಬ್ರ, ನಾ ಏನ ತಪ್ಪ ಮಾಡೇನ್ರಿ? ರೊಟ್ಟಿ ಚಲೋ ಆಗಿಲ್ಲೇನ್ರಿ?"

ಸಾಹೇಬ್ರು ಗಾಬರಿ ಆದ್ರು. "ನಾನೇನಮ್ಮ ಅಂದೆ?"

"ನನಗ ಇಂಗ್ಲಿಷ್ ತಿಳೀತೈತ್ರಿ! ಬಿ ಅಂದ್ರ ಇರು. ಲೆಸ್ ಅಂದ್ರ ಇಲ್ಲ. ದೇವರು ನಿನ್ನ ಇಲ್ಲಿ ಇರಲಾರದಂಗ ಮಾಡ್ಲಿ ಅಂದ್ರಿ. ನಾಕು ರೊಟ್ಟಿ ಉಂಡು ಹಿಂಗ ಅನಬಹುದೇನ್ರಿ?"

ಸಾಹೇಬ್ರು ಕುರ್ಚಿ ಹತ್ರ ಸರಿಸಿಕೊಂಡ್ರು. "ಇದನ್ನೆಲ್ಲಾ ನಿಮಗೆ ಹೇಳಿಕೊಟ್ಟವರು ಯಾರಮ್ಮ?" ಅಂತ ಕೇಳಿದ್ರು.

ಆಕಿ ಹೆಮ್ಮಿಲೇ ನನ್ನ ಕಡೆ ಕೈ ಮಾಡಿದ್ಲು. ನಾ ಗ್ವಾಡಿಮ್ಯಾಲಿನ ಕ್ಯಾಲೆಂಡರ್ ಓದಾಕ ಹತ್ತಿದೆ.

"ಅಯ್ಯೋ, ಅದು ಆಶೀರ್ವಾದ ಕಣಮ್ಮ!" ಅಂದ್ರು ಸಾಹೇಬ್ರು. "ನೀವು ಇಲ್ಲೇ ಇರಬೇಕು ಅಂತಾನೇ ನನ್ನ ಆಸೆ."

ಅಡಿಗಿ ಅಕ್ಕ ಕಣ್ಣು ಒರಸ್ಕೊಂಡ್ಲು. ಸ್ವಲ್ಪ ವಿಚಾರ ಮಾಡಿದ್ಲು. ಆಮ್ಯಾಲ ಸಣ್ಣ ಹುಡುಗರಿಗೆ ತಿದ್ದಿ ಹೇಳಿದಂಗ ಹೇಳಿದ್ಲು:

"ಹಂಗಿದ್ರ ಸರಿಯಾಗಿ ಹೇಳ್ರಿ ಸಾಹೇಬ್ರ. ಗಾಡ್ ಬಿ-ಫುಲ್ ಯೂ!"

ಸಾಹೇಬ್ರು ಕುರ್ಚಿ ಬಿಟ್ಟು ಎದ್ದು ನಿಂತು, ನಗು ತಡಕೊಂಡು, ಎರಡೂ ಕೈ ಜೋಡಿಸಿದ್ರು.

"ಗಾಡ್ ಬಿ-ಫುಲ್ ಯೂ ಅಮ್ಮ. ಸೋಮವಾರದಿಂದ ಕೆಲಸಕ್ಕೆ ಬನ್ನಿ."