ಪೂಜೆಗೆ ಕೂತ ಲ್ಯಾಪ್‌ಟಾಪು

ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವುದು ಎಲ್ಲರಿಗೂ ಪ್ರಿಯವಾದ ಉದ್ಯೋಗ. ಆದರೆ ಅದಕ್ಕೆ ತಿಂಗಳು ತಿಂಗಳು ಸಂಬಳ ತೆಗೆದುಕೊಳ್ಳುವ ಭಾಗ್ಯ ಕೆಲವರಿಗೆ ಮಾತ್ರ. ನಾನು ಆ ಕೆಲವರಲ್ಲಿ ಒಬ್ಬ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದೇನೆ. ಲೇತ್ ಮೆಷಿನ್ನಿನಲ್ಲಿ ತಯಾರಾದ ಬುಷ್, ಪಿನ್ನುಗಳನ್ನು ಮೈಕ್ರೋಮೀಟರಿನಿಂದ ಅಳೆದು, ಕೂದಲೆಳೆಯಷ್ಟು ಹೆಚ್ಚು ಕಡಿಮೆ ಕಂಡರೂ ರಿಜೆಕ್ಟ್ ಎಂದು ಪಕ್ಕಕ್ಕಿಡುವುದು ನನ್ನ ಕೆಲಸ. ಇಂಥವನಿಗೆ ಕಾರ್ಖಾನೆಯಲ್ಲಿ ಸ್ನೇಹಿತರಿರುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಊಟದ ಹೊತ್ತಿನಲ್ಲಿ ನಾನು ಡಬ್ಬಿ ಹಿಡಿದು ಹೋಗಿ ಕೂತ ಬೆಂಚಿನಲ್ಲಿ ಮಾತು ನಿಂತುಹೋಗುತ್ತದೆ. ಯಾರಾದರೂ ಉಪ್ಪಿನಕಾಯಿ ಕೊಡಲು ಬಂದರೆ, ಇದರ ಹಿಂದೆ ಯಾವುದೋ ದಪ್ಪಗಾದ ಪಿನ್ನಿದೆ ಎಂದು ನಾನೇ ಅನುಮಾನಪಡುತ್ತೇನೆ. ನನ್ನಿಂದ ಅತಿ ಹೆಚ್ಚು ರಿಜೆಕ್ಟ್ ಅನ್ನಿಸಿಕೊಂಡವನು ಬಾಗಲಕೋಟೆ ಕಡೆಯ ಮಲ್ಲಪ್ಪ ಎಂಬ, ಲೇತ್ ನಡೆಸುವ ಟರ್ನರ್. ಅವನು ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಾನೆ, ಆದರೆ ಆ ನಮಸ್ಕಾರದಲ್ಲಿ ಶನಿದೇವರ ಗುಡಿಯ ಮುಂದೆ ಹಾದುಹೋಗುವವನ ಭಕ್ತಿ ಇರುತ್ತದೆ.

ವಾರವೆಲ್ಲ ಜನರ ಮುಖ ಬಾಡಿಸಿದವನಿಗೆ ಭಾನುವಾರವಾದರೂ ನಗುವ ಮುಖ ನೋಡಬೇಕು ಅನ್ನಿಸುವುದು ಸಹಜ. ಹಾಗಾಗಿ ನಾನು ಕರೋಕೆ ಮತ್ತು ಡಿಜೆ ಕಾರ್ಯಕ್ರಮಗಳನ್ನು ನಡೆಸತೊಡಗಿದೆ. ಕರೋಕೆ ಎಂದರೆ ಗೊತ್ತಲ್ಲ, ಹಾಡಿನ ಸಂಗೀತ ಮಾತ್ರ ಯಂತ್ರದಿಂದ ಬರುತ್ತದೆ, ಸಾಹಿತ್ಯ ಪರದೆಯ ಮೇಲೆ ಓಡುತ್ತದೆ, ಹಾಡುವ ಹೊಣೆ ಮೈಕ್ ಹಿಡಿದವರದು, ಕೇಳುವ ಕರ್ಮ ಉಳಿದವರದು. ನಾನು ಹಾಡುವುದಿಲ್ಲ. ನನ್ನ ಕಂಠವನ್ನು ನಾನೇ ಬಹಳ ಹಿಂದೆ ಪರೀಕ್ಷಿಸಿ ಪಕ್ಕಕ್ಕಿಟ್ಟಿದ್ದೇನೆ. ಟ್ರ್ಯಾಕ್ ಹಾಕುವುದು, ಶ್ರುತಿ ಬಿಟ್ಟವರ ದನಿಯನ್ನು ಮೆಲ್ಲಗೆ ತಗ್ಗಿಸುವುದು, ಕೊನೆಗೆ ಎರಡು ಕುಣಿತದ ಹಾಡು ಹಾಕಿ ಎಲ್ಲರನ್ನೂ ಬೆವರಿಸಿ ಊಟಕ್ಕೆ ಕಳಿಸುವುದು, ಇಷ್ಟೇ ನನ್ನ ಪಾತ್ರ.

ಮೊದಮೊದಲು ಇದಕ್ಕೆಲ್ಲ ಮನೆಯ ಕಂಪ್ಯೂಟರನ್ನೇ ಒಯ್ಯುತ್ತಿದ್ದೆ. ಚಿಕ್ಕಬಾಣಾವರದ ನಮ್ಮ ಮನೆಯಿಂದ ಆಟೋದಲ್ಲಿ ಸಿಪಿಯು ಒಂದು ಕಡೆ, ಕುಂಬಳಕಾಯಿ ಗಾತ್ರದ ಮಾನಿಟರ್ ನನ್ನ ತೊಡೆಯ ಮೇಲೆ. ಒಂದು ಹುಟ್ಟುಹಬ್ಬಕ್ಕೆ ಹೀಗೆ ಹೋದಾಗ ಮನೆಯ ಯಜಮಾನಿ ಬಾಗಿಲಲ್ಲೇ ತಡೆದು, "ರಿಪೇರಿಯವ್ರಾ? ಇವತ್ತು ಫಂಕ್ಷನ್ ಇದೆ, ನಾಳೆ ಬನ್ನಿ" ಎಂದು ಕಳಿಸಿಬಿಟ್ಟರು. ಗೇಟಿನ ಹೊರಗೆ ಮಾನಿಟರ್ ಅಪ್ಪಿಕೊಂಡು ನಿಂತು ಅವರಿಗೇ ಫೋನ್ ಮಾಡಿ ನಾನು ಯಾರೆಂದು ವಿವರಿಸಬೇಕಾಯಿತು. ಆಮೇಲೆ ಹೆಂಡತಿ ಶೈಲಜಾಳ ತಮ್ಮನ ಲ್ಯಾಪ್‌ಟಾಪನ್ನು ಎರವಲು ಪಡೆದೆ. ಅದರೊಳಗೆ ಮಾತಾಡುವ ಆ್ಯಂಟಿವೈರಸ್ ಇತ್ತೆಂದು ಆ ಪುಣ್ಯಾತ್ಮ ಹೇಳಿರಲಿಲ್ಲ. ಒಂದು ನಾಮಕರಣದಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಬಗ್ಗಿದ ಹೊತ್ತಿಗೆ ಸರಿಯಾಗಿ, ಎರಡು ದೊಡ್ಡ ಸ್ಪೀಕರುಗಳಿಂದ ಹೆಣ್ಣು ದನಿಯೊಂದು ವೈರಸ್ ಸಿಕ್ಕಿದೆ ಎಂದು ಇಂಗ್ಲಿಷಿನಲ್ಲಿ ಘೋಷಿಸಿತು. ಮಗುವಿನ ಮುತ್ತಜ್ಜಿ ಏನಂತೆ ಎಂದು ಕೇಳಿದರು. ಯಾರೋ ಅನುವಾದಿಸಿ ಹೇಳಿದರು. ಮಗುವನ್ನು ಅಂದೇ ಡಾಕ್ಟರಿಗೆ ತೋರಿಸಿದರೆಂದು ಆಮೇಲೆ ತಿಳಿಯಿತು.

"ರೀ, ನಮ್ಮ ತಮ್ಮನ ಮಾನ ಹೋಗೋಕ್ಮುಂಚೆ ಅದನ್ನ ವಾಪಸ್ ಕೊಟ್ಬಿಡಿ. ನಿಮ್ಮದೇ ಒಂದು ತಗೊಳ್ಳಿ, ಇಪ್ಪತ್ತು ಸಾವಿರ ದಾಟಬಾರ್ದು ಅಷ್ಟೆ" ಎಂದಳು ಶೈಲಜಾ. ಅಷ್ಟರಲ್ಲಿ ಇನ್ನೊಂದು ಕಾರಣವೂ ಕೂಡಿಬಂತು. ನಮ್ಮ ಕಾರ್ಖಾನೆಯಲ್ಲಿ ಪ್ರತಿ ವರ್ಷ ಆಯುಧಪೂಜೆಗೆ ಹೊರಗಿನಿಂದ ಆರ್ಕೆಸ್ಟ್ರಾ ಕರೆಸುವುದು ರೂಢಿ. ಈ ವರ್ಷ ಯಜಮಾನರು ನನ್ನನ್ನು ಕ್ಯಾಬಿನ್ನಿಗೆ ಕರೆದು, "ನೀವೇನೋ ಹಾಡಿಸ್ತೀರಂತಲ್ಲ, ಈ ಸಲ ನೀವೇ ಮಾಡ್ರಿ" ಎಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ದುಡ್ಡಿನ ಮಾತಲ್ಲ ಇದು. ಹತ್ತೊಂಬತ್ತು ವರ್ಷ ನನ್ನನ್ನು ಕಂಡು ಮುಖ ಗಂಟಿಕ್ಕಿದ ನಲವತ್ತು ಜನ ಒಂದು ಮಧ್ಯಾಹ್ನ ನನ್ನಿಂದ ಖುಷಿಪಡುವುದನ್ನು ನೋಡಬೇಕಿತ್ತು. ಮಲ್ಲಪ್ಪ ಕುಣಿಯುವುದನ್ನು ನೋಡಬೇಕಿತ್ತು.

ಲ್ಯಾಪ್‌ಟಾಪ್ ಕೊಳ್ಳುವುದು ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರುವ ಕೆಲಸ ಎಂದು ತಿಳಿದವರು ನನ್ನ ವೃತ್ತಿಯನ್ನು ಮರೆತಿದ್ದಾರೆ. ನಾನು ಇಪ್ಪತ್ಮೂರು ಅಂಶಗಳ ಪಟ್ಟಿಯೊಂದನ್ನು ತಯಾರಿಸಿದೆ. ಒಳಗಿನ ಫ್ಯಾನ್ ಗದ್ದಲ ಮಾಡಬಾರದು, ಇಲ್ಲದಿದ್ದರೆ ನಿಧಾನದ ಹಾಡುಗಳಲ್ಲಿ ಗಿರಣಿಯ ಹಿನ್ನೆಲೆ ಸೇರುತ್ತದೆ. ಸ್ಪೀಕರಿನ ಅದುರುವಿಕೆಗೆ ಹಾರ್ಡ್‌ಡಿಸ್ಕ್ ಬೆದರಿ ಹಾಡು ತಡವರಿಸಬಾರದು. ಸಾಹಿತ್ಯ ತೋರಿಸಲು ಟಿವಿಗೆ ಜೋಡಿಸುವಂತಿರಬೇಕು. ಪೀಣ್ಯದ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ಬ್ಯಾಟರಿ ಕನಿಷ್ಠ ಎರಡು ಗಂಟೆ ನಿಲ್ಲಬೇಕು. ಹೆಡ್‌ಫೋನ್ ಸಿಕ್ಕಿಸುವ ತೂತು ಸಡಿಲ ಇರಬಾರದು. ಮಾತಾಡಬಾರದು. ಈ ಕೊನೆಯ ಅಂಶಕ್ಕೆ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿದ್ದೆ.

ಇಪ್ಪತ್ತು ಸಾವಿರದೊಳಗೆ ಇಷ್ಟೂ ಗುಣವಿರುವ ಹೊಸದು ಯಾವ ಅಂಗಡಿಯಲ್ಲೂ ಇರಲಿಲ್ಲ. ಸಾಫ್ಟ್‌ವೇರ್ ಕಂಪನಿಗಳು ಬಳಸಿ ಬಿಟ್ಟ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳು ಹೆಬ್ಬಗೋಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ ಎಂದು ಯಾರೋ ಹೇಳಿದರು. ನಮ್ಮ ಮನೆ ಊರಿನ ಈ ತುದಿಯಲ್ಲಿ, ಹೆಬ್ಬಗೋಡಿ ಆ ತುದಿಯಲ್ಲಿ. ನಾಲ್ಕು ಶನಿವಾರ ಮೂರು ಮೂರು ಬಸ್ಸು ಬದಲಿಸಿ ಹೋದೆ. ಚೀಲದಲ್ಲಿ ನನ್ನದೇ ಹೆಡ್‌ಫೋನು, ಮೈಕು, ಒಂದು ಸಣ್ಣ ಮಿಕ್ಸರು, ಮತ್ತು ಮುಚ್ಚಳದ ಕೀಲಿನ ಸಂದು ಅಳೆಯುವುದಕ್ಕೆ ಕಾರ್ಖಾನೆಯ ಫೀಲರ್ ಗೇಜು. ಅಂಗಡಿಯವನು ಮೊದಲ ವಾರ ಟೀ ಕೊಟ್ಟ. "ಇದು ಲೇಡೀಸ್ ಯೂಸ್ ಮಾಡಿದ್ದು ಸಾರ್, ಬರೀ ಮೇಲ್ ನೋಡಿರೋದು" ಎಂದು ಒಂದನ್ನು ತೋರಿಸಿದ. ನಾನು ಅದರ ಫ್ಯಾನಿಗೆ ಕಿವಿಯಿಟ್ಟು ಹತ್ತು ನಿಮಿಷ ಕೇಳಿ ಬೇಡವೆಂದೆ. ಎರಡನೆಯ ವಾರ ಟೀ ಇರಲಿಲ್ಲ. ಮೂರನೆಯ ವಾರ ಅವನು, "ಸಾರ್, ಹೆಣ್ಣು ನೋಡೋಕೆ ಬಂದೋರೂ ಇಷ್ಟು ನೋಡಲ್ಲ" ಎಂದ. ನಾಲ್ಕನೆಯ ವಾರ, ಇಪ್ಪತ್ಮೂರರಲ್ಲಿ ಇಪ್ಪತ್ತೊಂದು ಅಂಶ ಪಾಸಾದ, ಮೂಲೆಯಲ್ಲಿ ಯಾವುದೋ ಕಂಪನಿಯ ನಂಬರಿನ ಚೀಟಿ ಇನ್ನೂ ಅಂಟಿಕೊಂಡಿದ್ದ ಕಪ್ಪು ಲ್ಯಾಪ್‌ಟಾಪೊಂದನ್ನು ನಾನು ಒಪ್ಪಿಕೊಂಡಾಗ ಅವನು ಚೌಕಾಸಿಗೆ ಕೂಡ ನಿಲ್ಲಲಿಲ್ಲ. ಚೀಲವನ್ನೂ ಪುಕ್ಕಟೆ ಕೊಟ್ಟು, ಬಸ್‌ಸ್ಟಾಪಿನವರೆಗೂ ಬಂದು ಬಸ್ಸು ಹತ್ತಿಸಿ ಹೋದ.

ಹಬ್ಬಕ್ಕೆ ರಜೆ ಇರುವುದರಿಂದ ಹಿಂದಿನ ದಿನವೇ ಕಾರ್ಖಾನೆಯಲ್ಲಿ ಪೂಜೆ. ಬೆಳಿಗ್ಗೆ ಪೂಜೆ, ಆಮೇಲೆ ಊಟ, ಊಟವಾದ ಮೇಲೆ ನನ್ನ ಕಾರ್ಯಕ್ರಮ. ಬಾಡಿಗೆಗೆ ತಂದ ಸ್ಪೀಕರು, ಆಂಪ್ಲಿಫೈಯರು, ಮೈಕು ಗೇಟಿನ ಹೊರಗೆ ಆಟೋದಲ್ಲಿದ್ದವು. ಒಳಗೆ ಲೇತುಗಳೆಲ್ಲ ಎಣ್ಣೆ ಒರೆಸಿಕೊಂಡು ಬಾಳೆಕಂದು ಕಟ್ಟಿಸಿಕೊಂಡು ನಿಂತಿದ್ದವು. ಒಂದು ಮೇಜಿನ ಮೇಲೆ ಕೆಂಪು ವಸ್ತ್ರ ಹಾಸಿ, ಮೈಕ್ರೋಮೀಟರು, ಸ್ಪ್ಯಾನರು, ಸುತ್ತಿಗೆಗಳನ್ನು ಪೂಜೆಗಿಟ್ಟಿದ್ದರು. ಈಗ ನಾನು ಮಾಡಿದ ಕೆಲಸ ಹೇಳಬೇಕು. ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಆ ಮೇಜಿನ ನಟ್ಟನಡುವೆ, ಎಲ್ಲರಿಗೂ ಕಾಣುವಂತೆ, ಮುಚ್ಚಳ ತೆರೆದು ಇಟ್ಟೆ. ಯಾರೂ ಇಡಿ ಎನ್ನಲಿಲ್ಲ. ನಾಲ್ಕು ಶನಿವಾರ ಸುತ್ತಿ ಆರಿಸಿದ ವಸ್ತುವನ್ನು ಚೀಲದೊಳಗಿಟ್ಟುಕೊಳ್ಳಲು ನನ್ನ ಜಂಬ ಒಪ್ಪಲಿಲ್ಲ, ಅಷ್ಟೆ.

ಪುರೋಹಿತರು ಅದಕ್ಕೆ ವಿಭೂತಿಯ ಮೂರು ಪಟ್ಟೆ ಎಳೆದರು, ನಡುವೆ ಕುಂಕುಮವಿಟ್ಟರು, ಸೇವಂತಿಗೆ ಹಾರ ಹಾಕಿದರು, ಕೀಲಿಮಣೆಯ ಮೇಲೆ ಅಕ್ಷತೆ ಎರಚಿದರು. ಮಂಗಳಾರತಿಯಾಯಿತು, ಬೂದುಗುಂಬಳ ಒಡೆದರು, ಕಡ್ಲೆಪುರಿ ಹಂಚಿದರು. ಊಟ ಮುಗಿಸಿ ಬಂದು ನಾನು ಸ್ಪೀಕರು ಜೋಡಿಸಿ, ವೈರ್ ಹಿಡಿದು ಮೇಜಿನ ಕಡೆ ಕೈ ಚಾಚಿದೆ.

"ಏನ್ರೀ ಮಾಡ್ತಿದೀರಾ?" ಎಂದರು ಯಜಮಾನರು.

"ಲ್ಯಾಪ್‌ಟಾಪ್ ಆನ್ ಮಾಡ್ತಿದೀನಿ ಸಾರ್."

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಂಗಿಲ್ಲ ಕಣ್ರೀ. ಹೊಸಬ್ರ ಥರ ಆಡ್ತೀರಲ್ಲ."

ಈ ನಿಯಮ ನನಗೆ ಗೊತ್ತಿರಲಿಲ್ಲವೆಂದಲ್ಲ. ಪೂಜೆಯಾದ ಮೇಲೆ ಮೆಷಿನ್ ಮುಟ್ಟಲು ಹೋದವರನ್ನು ಹತ್ತೊಂಬತ್ತು ವರ್ಷದಿಂದ ತಡೆಯುತ್ತಿದ್ದವನೇ ನಾನು. ಯಜಮಾನರ ಮಟ್ಟಿಗೆ ಇದರಲ್ಲಿ ರಿಯಾಯಿತಿ ಇಲ್ಲ. ಹಿಂದೆ ಒಂದು ವರ್ಷ ಪೂಜೆಯಾದ ಮೇಲೆ ಯಾರೋ ಡ್ರಿಲ್ಲಿಂಗ್ ಮೆಷಿನ್ ಹಾಕಿದ್ದಕ್ಕೇ ಮೂರು ತಿಂಗಳು ಆರ್ಡರ್ ಬರಲಿಲ್ಲವೆಂದು ಅವರ ದೃಢವಾದ ನಂಬಿಕೆ.

"ಸಾರ್, ಕಾರಿಗೂ ಪೂಜೆ ಮಾಡಿ ಓಡಿಸ್ತಾರಲ್ಲ" ಎಂದು ವಾದ ಹೂಡಿದೆ.

"ಕಾರಿನ ಚಕ್ರಕ್ಕೆ ನಿಂಬೆಹಣ್ಣಿಟ್ಟು ಒಂದು ಸುತ್ತು ಓಡಿಸ್ಲೇಬೇಕು, ಅದು ಪದ್ಧತಿ. ಇದಕ್ಕೆ ಚಕ್ರ ಎಲ್ಲಿದೆ?"

"ಇದು ಆಯುಧ ಅಲ್ಲ ಸಾರ್."

ಹಿಂದಿನಿಂದ ಮಲ್ಲಪ್ಪ ಬಹಳ ವಿನಯದಿಂದ ಕೇಳಿದ: "ಆಯುಧ ಅಲ್ಲಂದ್ರ ಅಲ್ಲ್ಯಾಕ ಇಟ್ರಿ ಸರ?"

ಹಾಡುಗಳ ನಕಲೊಂದು ಪೆನ್‌ಡ್ರೈವಿನಲ್ಲಿತ್ತು, ಆದರೆ ಅದನ್ನು ಓದಬಲ್ಲ ಇನ್ನೊಂದು ಯಂತ್ರವೆಂದರೆ ಆಫೀಸಿನ ಕಂಪ್ಯೂಟರು, ಅದರ ಹಣೆಯ ಮೇಲೂ ಕುಂಕುಮವಿತ್ತು. ಹೊರಗೇ ಉಳಿದಿದ್ದರಿಂದ ಸ್ಪೀಕರು, ಮೈಕುಗಳು ಮಾತ್ರ ಪೂಜೆಯಿಂದ ಪಾರಾಗಿದ್ದವು. ನಲವತ್ತು ಜನ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಕಡ್ಲೆಪುರಿ ಇಟ್ಟುಕೊಂಡು, ನನ್ನನ್ನೇ ನೋಡುತ್ತಿದ್ದರು. ನನಗೆ ನಿಜವಾಗಿಯೂ ಅಳು ಬಂತು. ಕೊನೆಗೆ ಮಲ್ಲಪ್ಪನೇ, "ಮೈಕ್ ಐತಲ್ರಿ ಸರ, ನೀವ ಒಂದ್ ಹಾಡ್ರಿ" ಎಂದ. ಉಳಿದವರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಪ್ರೀತಿ ಎಷ್ಟಿತ್ತು, ಹಳೆಯ ಲೆಕ್ಕ ಎಷ್ಟಿತ್ತು ಎಂದು ಅಳೆಯುವ ಉಪಕರಣ ಇನ್ನೂ ಬಂದಿಲ್ಲ.

ಹಾಡಿದೆ. ಹಳೆಯ ಸಿನಿಮಾದ ಒಂದು ಪ್ರೇಮಗೀತೆ. ಮೊದಲ ಸಾಲು ಹೇಗೋ ದಾಟಿತು. ಎರಡನೆಯ ಸಾಲಿನಲ್ಲಿ ಶ್ರುತಿ ಒಂದು ಕಡೆ, ನಾನು ಒಂದು ಕಡೆ. ಚರಣದ ಎತ್ತರದಲ್ಲಿ ಉಸಿರು ಸಾಲದೆ ಕೆಮ್ಮು ಬಂತು. ಹಿಂದಿನ ಸಾಲಿನಲ್ಲಿ ಯಾರೋ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಆಮೇಲೆ ಕೈ ತೆಗೆದು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಮಾತ್ರ ನಕ್ಕವರು ಮುಖದೆದುರು ನಗುವುದು ಇಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಎರಡನೆಯ ಚರಣವನ್ನೂ ಬಿಡಲಿಲ್ಲ. ಮುಗಿಸಿದ ಮೇಲೆ, ಇವನೇ ಹಾಡಬಹುದಾದರೆ ಯಾರು ಬೇಕಾದರೂ ಹಾಡಬಹುದು ಎಂಬ ಧೈರ್ಯ ಎಲ್ಲರಿಗೂ ಬಂದು ಮೈಕಿಗೆ ಸಾಲು ನಿಂತಿತು. ಖಾಲಿ ಡಬ್ಬ ಬಡಿದು ತಾಳ ಹಾಕಿದರು. ಯಜಮಾನರೂ ಒಂದು ಭಾವಗೀತೆ ಹಾಡಿದರು. ಅದರ ಗುಣಮಟ್ಟದ ಬಗ್ಗೆ ನಾನೇನೂ ಹೇಳುವುದಿಲ್ಲ, ಸಂಬಳ ಕೊಡುವವರು ಅವರು. ಮಲ್ಲಪ್ಪ ಕುಣಿದ. ಲ್ಯಾಪ್‌ಟಾಪು ಮಾತ್ರ ಮುಖ್ಯ ಅತಿಥಿಯ ಹಾಗೆ ಹಾರ ಹಾಕಿಕೊಂಡು, ಏನೂ ಮಾಡದೆ, ಕೊನೆಯವರೆಗೆ ಕೂತಿತ್ತು.

ರಜೆ ಮುಗಿದು ಕಾರ್ಖಾನೆ ತೆರೆದ ದಿನ ಮೊದಲ ಟ್ರೇ ಮಲ್ಲಪ್ಪನದೇ ಬಂತು. ಐದನೆಯ ಬುಷ್ ಚೂರು ದಪ್ಪವಿತ್ತು. ಒರೆಸಿ ಇನ್ನೊಮ್ಮೆ ಅಳೆದೆ, ದಪ್ಪವೇ. ಮನಸ್ಸು ಹೋಗಲಿ ಬಿಡು ಎಂದಿತು, ಕೈ ಅಭ್ಯಾಸಬಲದಿಂದ ಅದನ್ನು ಪಕ್ಕಕ್ಕಿಟ್ಟಿತು. ಮಲ್ಲಪ್ಪ ಹಿಂದಿನಂತೆ ಗೊಣಗಲಿಲ್ಲ. ನನ್ನೆದುರು ನೆಟ್ಟಗೆ ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡು, ನಾನು ಅಂದು ಹಾಡಿದ ಹಾಡನ್ನು ಹಾಡಿದ. ನಾನು ಎಲ್ಲಿ ಶ್ರುತಿ ಬಿಟ್ಟಿದ್ದೆನೋ ಅಲ್ಲೇ ಬಿಟ್ಟ, ಎಲ್ಲಿ ಕೆಮ್ಮಿದ್ದೆನೋ ಅಲ್ಲೇ ಕೆಮ್ಮಿದ. ಅಕ್ಕಪಕ್ಕದವರು ಮೆಷಿನ್ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ತಪ್ಪು ಹುಡುಕುವ ಕೆಲಸದಲ್ಲಿ ಇಷ್ಟು ವರ್ಷ ಕಳೆದವನಾಗಿ ಗಮನವಿಟ್ಟು ಕೇಳಿದೆ. ಎಲ್ಲೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ. ಪಾಸ್ ಎಂದೆ.