ಎಲ್ಲಿಗೆ ಎಂದು ಕೇಳುವ ಕೆಲಸ

ರಸ್ತೆಯ ಕೆಲಸದಲ್ಲಿರುವವರು ನಗೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಬಸ್ ತಡವಾದರೂ ನಗೆ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತದೆ.

ನರಗುಂದದಿಂದ ರೋಣದ ಮೂಲಕ ಗಜೇಂದ್ರಗಡದವರೆಗೆ ರಸ್ತೆ ಎಲ್ಲಿ ಅಗಲವಾಗಬೇಕು, ಯಾವ ಊರಿಗೆ ಯಾವ ಬಸ್ ಬೇಕು ಎಂದು ಪರಿಶೀಲಿಸಿ ಹೇಳುವುದು ನನ್ನ ಕೆಲಸ. ಅದಕ್ಕೆ ಪ್ರಯಾಣಿಕರನ್ನು ಒಂದೇ ಪ್ರಶ್ನೆ ಕೇಳಬೇಕು: ಎಲ್ಲಿಗೆ ಹೊರಟಿದ್ದೀರಿ? ಪ್ರಶ್ನೆ ನೇರವಾಗಿರಬೇಕು, ಬೆನ್ನು ನೆಟ್ಟಗಿರಬೇಕು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಎರಡನ್ನೂ ನಾನು ಬಿಟ್ಟಿಲ್ಲ.

ನರಗುಂದದಲ್ಲಿ

ಮೊದಲು ಸಿಕ್ಕವರು ಒಬ್ಬ ಕಾಳಿನ ವ್ಯಾಪಾರಿ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. "ಎಲ್ಲಿಗೆ ಹೊರಟಿದ್ದೀರಿ?" ಎಂದೆ. ಬಸ್ಸಿನ ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಅವರು ಕೆಳಗಿಳಿಸಿದರು.

"ಅಕ್ಕಾರ, ಮಗಗ ಹೆಣ್ಣ ನೋಡಾಕ ಹೊಂಟಿದ್ದೆ. ಹೊಂಟಾವ್ರಿಗೆ ಎಲ್ಲಿಗೆ ಅಂತ ಕೇಳ್ತಾರೇನ್ರಿ? ಕೆಲಸ ಕೆಡತೈತಿ."

ದೋಷ ಕಳೆಯಲು ಬೆಂಚಿನ ಮೇಲೆ ಕುಳಿತು, ನೀರು ಕುಡಿದು, ಕಣ್ಣು ಮುಚ್ಚಿದರು. ಬಸ್ ಹೊರಟೇಹೋಯಿತು. ಬಸ್ ತಪ್ಪಿತಲ್ಲ ಎಂದೆ.

"ಹೋಗ್ಲಿ ಬಿಡ್ರಿ. ಬಸ್ ಇನ್ನೊಂದು ಬರತೈತಿ. ಸೊಸಿ ಬರೂದಿಲ್ಲ."

ಬೆಳವಣಕಿಯಲ್ಲಿ

"ಮೇಡಂ, ಎಲ್ಲಿಗೆ ಅನಬ್ಯಾಡ್ರಿ. ದೂರ ಹೊಂಟೀರೇನು ಅಂತ ಕೇಳ್ರಿ," ಎಂದ ನನ್ನ ಜೀಪಿನ ಚಾಲಕ. ಸುತ್ತುಬಳಸಿ ಕೇಳುವುದು ನನಗೆ ಹಿಡಿಸದು. ಆದರೂ ಚೀಲ ಹಿಡಿದು ನಿಂತಿದ್ದ ಒಬ್ಬ ಅಜ್ಜನನ್ನು ಹಾಗೆಯೇ ಕೇಳಿದೆ.

"ದೂರ ಏನಿಲ್ರಿ. ಇಲ್ಲೇ, ಮಗಳ ಮನಿಗೆ."

"ಮಗಳ ಮನೆ ಯಾವ ಊರು?"

"ಪುಣೆ ರೀ."

"ಪುಣೆ ದೂರವಲ್ಲವೆ?"

"ಮಗಳ ಮನಿ ದೂರ ಅಂದ್ರ ಆಕಿಗೆ ಬ್ಯಾಸರ ಆಗತೈತ್ರಿ. ನಿಮ್ಮದೆಲ್ಲಿ?"

"ಹುಬ್ಬಳ್ಳಿ."

"ಮನ್ಯಾಗ ಯಾರಾರ ಅದಾರ?"

ಯಜಮಾನರು ತೀರಿಕೊಂಡ ಮೇಲೆ ಯಾರೂ ಇಲ್ಲ, ಮಕ್ಕಳೂ ಇಲ್ಲ ಎಂದೆ.

"ಹಂಗಾದ್ರ ನಿಮ್ಮ ಮನಿನೇ ದೂರ ಬಿಡ್ರಿ."

ನಕಾಶೆ ತೆಗೆದು ತೋರಿಸಬೇಕೆಂದಿದ್ದೆ. ಚಾಲಕ ಆಚೆ ಮುಖ ತಿರುಗಿಸಿ ನಗುತ್ತಿದ್ದುದರಿಂದ ಬಿಟ್ಟೆ.

ರಾಜೂರದಲ್ಲಿ

ಇಲ್ಲಿಯ ಸಂಜೆಯ ಬಸ್ಸನ್ನು, ಹತ್ತುವವರಿಲ್ಲವೆಂದು, ನಿಲ್ಲಿಸುವ ಮಾತು ನಡೆದಿತ್ತು. ಹೊಲದ ಕೆಲಸಕ್ಕೆ ಗಜೇಂದ್ರಗಡದಿಂದ ಬರುವ ಹೆಂಗಸರು ಮರಳುವುದು ಅದರಲ್ಲೇ. ಅದು ನಿಂತರೆ, ಟಂಟಂ ಆಟೋ ತುಂಬುವ ತನಕ ಕತ್ತಲಲ್ಲಿ ಕಾಯಬೇಕು. ಖರೇ ಸಂಗತಿ ನೋಡಲು ನಾನೇ ಹೋದೆ. ಏನನ್ನೂ ಕೇಳದೆ ನಿಂತೆ.

ಗುಂಪಿನ ಹಿರಿಯಾಕೆ ನನ್ನತ್ತ ಬಂದಳು. "ಅಕ್ಕಾರ, ನಮ್ಮನ್ನೇನೂ ಕೇಳೂದಿಲ್ಲೇನ್ರಿ?"

"ಕೇಳಿದರೆ ಕೆಲಸ ಕೆಡುತ್ತದಂತೆ."

"ನಾವು ಮನಿಗೆ ಹೊಂಟೇವಿ. ಮನಿಗೆ ಹೋಗೂದು ಕೆಡೂದಿಲ್ರಿ. ಕೇಳ್ರಿ."

ಕೇಳಿದೆ. ಒಬ್ಬೊಬ್ಬಳೂ ಶಾಲೆಯಲ್ಲಿ ಹಾಜರಿ ಹೇಳುವಂತೆ "ಗಜೇಂದ್ರಗಡ್ರಿ" ಎಂದಳು. ಒಂದು ಬಸ್ಸಿಗೆ ಧಾರಾಳವಾಗಿ ಸಾಕಾಗುವಷ್ಟು ಜನ. ಈ ಬಸ್ ಉಳಿಯಬೇಕೆಂದು ವರದಿ ಕೊಡುವುದಾಗಿ ಹೇಳಿ ಜೀಪಿನತ್ತ ತಿರುಗಿದೆ.

"ಅಕ್ಕಾರ, ನೀವೆಲ್ಲಿಗೆ ಹೊಂಟ್ರಿ?" ಎಂದಳು ಹಿರಿಯಾಕೆ.

ಉಳಿದವರು ಸೆರಗು ಬಾಯಿಗಿಟ್ಟರು. "ಗೊತ್ತಿದ್ದೂ ಕೇಳಿದಿರಾ?" ಎಂದೆ.

"ಗೊತ್ತಿದ್ದ ಕೇಳೀನ್ರಿ. ನಿಮ್ಮ ಡ್ರೈವರ್ ಎಲ್ಲಾ ಹೇಳ್ಯಾನ. ಹೋಗಿ ಒಬ್ಬಾಕಿ ಕುಂತು ಉಣ್ಣಾಕ ಇಷ್ಟ್ಯಾಕ ಅವಸರ? ಕುಂದರ್ರಿ."

ನಾನು ಎಲ್ಲಿಗೆ ಹೊರಟೆ ಎಂದು ಯಾರಾದರೂ ಕೇಳಿ ವರ್ಷಗಳೇ ಆಗಿದ್ದವು. ಕಲ್ಲಿನ ಮೇಲೆ ಕುಳಿತೆ, ಬೆನ್ನು ನೆಟ್ಟಗೇ ಇತ್ತು. ನೀರು ಬಂತು. ಗಂಟು ಬಿಚ್ಚಿ ಉಳಿದಿದ್ದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ತಿಂದು ಏಳುವಾಗ ಬಸ್ ಬಂತು.

ಕಂಡಕ್ಟರ್ ಬಾಗಿಲಿಂದ ಬಾಗಿ, ದಿನದ ರೂಢಿಯಂತೆ, "ಎಲ್ಲಿಗ್ರಿ ಮೇಡಂ?" ಎಂದ.

ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ನಿಯಮ ನಿಯಮವೇ. ನಾನು ಮತ್ತೆ ಕುಳಿತೆ. ಹಿರಿಯಾಕೆ ಇನ್ನೊಂದು ರೊಟ್ಟಿ ತೆಗೆದಳು. ನಾನು ಅದನ್ನು ಮುಗಿಸುವ ತನಕ ಒಬ್ಬರೂ ಬಸ್ ಹತ್ತಲಿಲ್ಲ.

"ಇವಗ ಎಷ್ಟ ಹೇಳಿದ್ರೂ ತಿಳಿಯೂದಿಲ್ರಿ," ಎಂದಳು, ಕಂಡಕ್ಟರನತ್ತ ಗದ್ದ ತೋರಿಸಿ. "ಹತ್ತಿದ ಮಂದಿಗೆಲ್ಲಾ ಎಲ್ಲಿಗೆ, ಎಲ್ಲಿಗೆ ಅಂತಾನ. ಅದಕ್ಕ ಈ ಬಸ್ ಒಂದಿನಾನೂ ಹೊತ್ತಿಗೆ ಮುಟ್ಟಿಲ್ಲ."

ತಡವಾಗುವುದು ರಸ್ತೆ ಕಿರಿದಾದ್ದರಿಂದ ಎಂದು ನಾನು ಇಷ್ಟು ವರ್ಷ ನಂಬಿದ್ದೆ.