ಅತ್ತಿಯ ಸಂಡೇ ಸ್ಕೂಲೂ ಅಪ್ಪನ ಹೆಬ್ಬೆರಳೂ

ನೋಹನ ಜಲಪ್ರಳಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಗಬೇಡಿ. ಅದು ನಡೆದದ್ದು ಶಹಾಬಾದಿನಲ್ಲಿ, ನಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಪ್ರಳಯ ತಂದದ್ದು ದೇವರಲ್ಲ, ನಮ್ಮ ಸೋದರತ್ತೆ. ದೇವರಾದರೂ ಇನ್ನೊಮ್ಮೆ ಹಾಗೆ ಮಾಡುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ. ಅತ್ತಿ ಅಂಥ ಮಾತನ್ನು ಯಾರಿಗೂ ಕೊಟ್ಟಿಲ್ಲ!

ಅತ್ತಿ ಸಂಡೇ ಸ್ಕೂಲಿನ ಟೀಚರು. ಕಥೆಯನ್ನು ಬಾಯಲ್ಲಿ ಹೇಳಿದರೆ ಮಕ್ಕಳ ಈ ಕಿವಿಯಿಂದ ಹೊಕ್ಕು ಆ ಕಿವಿಯಿಂದ ಹೊರಡುತ್ತದೆ, ಕೈಯಿಂದ ಮಾಡಿಸಿದರೆ ಮಾತ್ರ ಮೈಗೆ ಹತ್ತುತ್ತದೆ ಎಂಬುದು ಅವಳ ನಂಬಿಕೆ. ಮೈಗೆ ಹತ್ತಿದ್ದನ್ನು ತೊಳೆಯುವ ಕೆಲಸ ನನ್ನದು. ಬಕೆಟ್ಟು, ಟವೆಲ್ಲು ಹಿಡಿದು ಗೋಡೆಗೆ ಒರಗಿ ನಿಲ್ಲುತ್ತೇನಾದ್ದರಿಂದ ಎಲ್ಲವನ್ನೂ ನೋಡಿದ್ದೇನೆ. ನೋಡಿದ್ದನ್ನಷ್ಟೇ ಹೇಳುತ್ತೇನೆ. ಉಪ್ಪು ಖಾರ ಹಾಕುವ ಅಗತ್ಯವನ್ನು ಅತ್ತಿ ನನಗೆ ಉಳಿಸಿಲ್ಲ.

ಅಂದು ಮಕ್ಕಳು ಥರ್ಮಾಕೋಲಿನಲ್ಲಿ ನಾವೆ ಮಾಡಿ, ಅದರಲ್ಲಿ ಆನೆ, ಒಂಟೆ, ಕೋಳಿಗಳನ್ನು ನಿಲ್ಲಿಸಿದ್ದರು. ನಾವೆ ತೇಲಬೇಕಲ್ಲ? ಅತ್ತಿ ಮೋರಿಗೆ ಗೋಣಿಚೀಲ ತುರುಕಿ, ನಳದ ಪೈಪನ್ನು ಕಿಟಕಿಯಿಂದ ಒಳಗೆ ಬಿಟ್ಟಳು. ಬೇರೆ ಊರಿನ ನೆಲವಾಗಿದ್ದರೆ ಒಂದಿಷ್ಟು ನೀರು ಕುಡಿಯುತ್ತಿತ್ತೋ ಏನೋ. ನಮ್ಮದು ಶಹಾಬಾದಿ ಫರಸಿ, ಹಾಸುಗಲ್ಲು. ಬಂದ ನೀರನ್ನು ಬಂದ ಹಾಗೇ ಮುಂದಕ್ಕೆ ಸಾಗಹಾಕುತ್ತದೆ. ನೀರು ಬಾಗಿಲ ಸಂದಿಯಿಂದ ಆರಾಧನೆ ನಡೆಯುತ್ತಿದ್ದ ಹಾಲಿಗೆ ನುಗ್ಗಿತು. ಪಾಸ್ಟರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಜಮಖಾನೆಯ ಮೇಲೆ ಕುಳಿತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಲ್ಲತೊಡಗಿದರು. ತಮ್ಮ ಪ್ರಾರ್ಥನೆಗೆ ಇಷ್ಟು ಬಲವಿದೆಯೇ ಎಂದು ಪಾಸ್ಟರು ಕಣ್ಣು ತೆರೆದರೆ, ಎದುರಿಗೆ ಬಿಳಿ ಆನೆಯೊಂದು ತೇಲಿ ಬರುತ್ತಿತ್ತು.

ಚರ್ಚಿನ ಕಮಿಟಿಗೆ ಅಧ್ಯಕ್ಷ ಯಾರು ಅಂತೀರಿ? ನಮ್ಮ ಅಪ್ಪ! ಅತ್ತಿಯ ಒಡಹುಟ್ಟಿದ ತಮ್ಮ. ಅಜ್ಜಿ ಬೇಗ ತೀರಿಹೋದಳು. ಅಪ್ಪನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಅತ್ತಿ. ಟೊಂಕದ ಮೇಲೆ ಕೂತಿದ್ದವನು ಮುಂದೆ ಎಷ್ಟು ದೊಡ್ಡ ಅಧ್ಯಕ್ಷನಾದರೇನು, ಹೊತ್ತವಳು ಹೆದರುತ್ತಾಳೆಯೇ?

"ಅಕ್ಕಾ, ಪಾಸ್ಟರ ಮುಂದ ಆನಿ ತೇಲಿ ಬಂತು. ಮಂದಿ ನಗಲತ್ತಾರ!" ಎಂದ ಅಪ್ಪ.

"ಆನಿ ಮುಳುಗಿದ್ರ ನಗಬೇಕಪ್ಪ. ತೇಲ್ಯದ ಅಂದಮ್ಯಾಲ ಪಾಠ ಬರೋಬ್ಬರಿ ಆಗ್ಯದ," ಎಂದಳು ಅತ್ತಿ.

ಅದಾದ ಮೇಲೆ ಬಂದದ್ದು ಎರಡು ಮನೆಗಳ ಪಾಠ. ಬಂಡೆಯ ಮೇಲೆ ಕಟ್ಟಿದ ಮನೆ ನಿಲ್ಲುತ್ತದೆ, ಉಸುಕಿನ ಮೇಲೆ ಕಟ್ಟಿದ್ದು ಬೀಳುತ್ತದೆ ಎಂದು ಶಾಸ್ತ್ರ ಹೇಳುತ್ತದೆ. ಶನಿವಾರ ಮಕ್ಕಳಿಂದ ಎರಡು ಸಣ್ಣ ಮನೆ ಕಟ್ಟಿಸಿ, ಭಾನುವಾರ ಅತ್ತಿ ಎರಡರ ಮೇಲೂ ಬಕೆಟ್ಟಿನಿಂದ ನೀರು ಸುರಿದಳು. ನುಣ್ಣನೆಯ ಫರಸಿಯ ಮೇಲಿದ್ದ ಮನೆ ಬಾಗಿಲು ಕಿಟಕಿ ಸಮೇತ ಜಾರಿ ಮೂಲೆ ಸೇರಿತು. ಉಸುಕಿನ ಮೇಲಿನದು ಅಲುಗಲಿಲ್ಲ. ಅತ್ತಿ ಇನ್ನೊಂದು ಬಕೆಟ್ ಸುರಿದಳು. ಇಲ್ಲ. ಸಲಿಕೆಯ ಹಿಡಿಯಿಂದ ತಿವಿದಳು. ಊಹೂಂ! ಉಸುಕು ತಂದವಳು ಮನೆ ಕಟ್ಟುವ ಗೌಂಡಿಯ ಮಗಳು. ತಮ್ಮ ಮನೆಯಲ್ಲಿ ಉಸುಕನ್ನು ಬರೀ ಉಸುಕಾಗಿ ಬಳಸಿದ್ದನ್ನು ಆ ಹುಡುಗಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಹಂಗಾರ ಮಕ್ಕಳೇ, ಇವತ್ತು ಏನು ಕಲಿತಿರಿ?" ಅತ್ತಿಯ ಧ್ವನಿ ಸ್ವಲ್ಪ ಸಣ್ಣದಾಗಿತ್ತು.

"ಒಂದು ಪುಟ್ಟಿ ಸಿಮೆಂಟಿಗಿ ನಾಕು ಪುಟ್ಟಿ ಉಸುಕು ಹಾಕಿದ್ರ ಎಲ್ಲಿ ಬೇಕಾದ್ರೂ ಮನಿ ಕಟ್ಟಬಹುದ್ರಿ ಟೀಚರ್!"

ಅತ್ತ ವಾಡಿ, ಇತ್ತ ಸೇಡಂ, ಎತ್ತ ನೋಡಿದರೂ ಸಿಮೆಂಟ್ ಕಾರ್ಖಾನೆ ಇರುವ ಸೀಮೆಯಲ್ಲಿ ಆ ಸಾಮ್ಯದ ಕಥೆಗೆ ಕೈ ಹಾಕಬಾರದಿತ್ತು.

ಕಳೆದುಹೋದ ಕುರಿಯ ಪಾಠಕ್ಕೆ ಅತ್ತಿ ಪಕ್ಕದ ಮುಸ್ಲಿಂ ಮನೆಯ ಖಾಲಾನಿಂದ ಒಂದು ಮೇಕೆ ಕೇಳಿ ತಂದಳು. ಚರ್ಚಿನ ಹಿಂದೆ ಅಡಗಿಸಿ ಕಟ್ಟಿದ ಮೇಕೆ ಹಗ್ಗ ಕಡಿದುಕೊಂಡು ಖರೇನೇ ಕಳೆದುಹೋಯಿತು. ಮಕ್ಕಳನ್ನು ಅಲ್ಲೇ ಬಿಟ್ಟು ಅತ್ತಿ ಹುಡುಕಲು ಹೊರಟಳು. ಶಾಸ್ತ್ರದ ಆ ಕುರುಬ ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕಲು ಹೋದಾಗ, ಉಳಿದ ತೊಂಬತ್ತೊಂಬತ್ತು ಏನು ಮಾಡಿದವೆಂದು ಎಲ್ಲಿಯೂ ಬರೆದಿಲ್ಲ. ನಾನು ಹೇಳುತ್ತೇನೆ: ಅವು ಬಸ್ ಸ್ಟ್ಯಾಂಡಿಗೆ ಹೋಗಿ ಮಿರ್ಚಿ ಭಜಿ ತಿಂದವು.

ಅತ್ತಿ ಭಂಕೂರದ ದಾರಿಯ ತನಕ ಹೋಗಿ, ಬರಿಗೈಯಲ್ಲಿ ಬಂದು, ಖಾಲಾನ ಮುಂದೆ ತಲೆ ತಗ್ಗಿಸಿ ನಿಂತಳು. ಖಾಲಾ ಸೆರಗು ಬಾಯಿಗೆ ಒತ್ತಿಕೊಂಡು, "ಆಪಾ, ಬಕ್ರಿ ಆವಾಗ್ಲೇ ಮನಿಗಿ ಬಂದು ಮೇವು ತಿನ್ನಲತ್ತದ. ಕಳದ್ಹೋದೋರು ನೀವರಿ!" ಎಂದಳು.

ಇದು ನಗುವಿನಲ್ಲೇ ಮುಗಿಯಬೇಕಿತ್ತು. ಆದರೆ ಭಜಿ ತಿಂದ ಮಕ್ಕಳ ಹೊಟ್ಟೆ ಕೆಟ್ಟು ತಾಯಂದಿರು ಚರ್ಚಿಗೆ ಬಂದರು. ಕಮಿಟಿ ಕೂತು ಹೇಳಿತು: ಇನ್ನೊಂದು ತಕರಾರು ಬಂದರೆ ಅತ್ತಿಯ ಕ್ಲಾಸು ಬಂದ್. ಗೋಡೆಗೆ ದೊಡ್ಡ ಟಿವಿ ಹಾಕಿ ಕಾರ್ಟೂನಿನಲ್ಲಿ ಕಥೆ ತೋರಿಸುವುದು. ಮಕ್ಕಳ ಕೈ ಸುಮ್ಮನಿರುತ್ತದೆ, ನೆಲವೂ ಒಣಗಿರುತ್ತದೆ.

ಅಂದು ಸಂಜೆ ಅತ್ತಿ ನಮ್ಮ ಅಡಿಗೆಮನೆಯಲ್ಲಿ, ಮೊಣಕಾಲು ಮಡಚಲಾಗದೆ ಸ್ಟೂಲಿನ ಮೇಲೆ, ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಳು. ಮೊರದಲ್ಲಿ ಹರಳು ಹಾಗೇ ಉಳಿದಿದ್ದವು. ಅವಳ ಕೈ ಮಾತ್ರ ಆಡುತ್ತಿತ್ತು. "ಮಕ್ಕಳು ಬರೋದು ನಿಂತ್ರ ಐತವಾರ ನಾ ಏನ್ ಮಾಡ್ಲಿ?" ಎಂದು ಕೇಳಿದಳು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅತ್ತಿ ಕೇಳಿದ್ದು ನಾನು ಕಂಡಂತೆ ಅದೇ ಮೊದಲು.

ಮುಂದಿನ ಪಾಠದಲ್ಲಿ ನೀರಿಲ್ಲ, ಸಿಮೆಂಟಿಲ್ಲ, ಮೇಕೆಯಿಲ್ಲ ಎಂದು ಅತ್ತಿ ಮಾತು ಕೊಟ್ಟಳು. ಬರೀ ಕಲ್ಲು! ಪಾಠ ಕ್ಷಮೆಯದು. ಯಾರ ಮೇಲೆ ಸಿಟ್ಟಿದೆಯೋ ಅವರ ಪಾಲಿಗೆ ಒಂದು ಫರಸಿ ಚೂರು ಶಾಲೆಯ ಚೀಲದಲ್ಲಿ ಹಾಕಿಕೊಂಡು ವಾರವಿಡೀ ಹೊರಬೇಕು. ಕ್ಷಮಿಸಿದವರು ಭಾನುವಾರ ತಂದು ಚರ್ಚಿನ ಬಾಗಿಲಲ್ಲಿ ಇಡಬೇಕು. ನಮ್ಮೂರಲ್ಲಿ ಫರಸಿ ಚೂರಿಗೆ ಬರವೇ? ಸಿಟ್ಟಿಗೂ ಬರವಿರಲಿಲ್ಲ.

"ಟೀಚರ್, ನಂದು ಗಣಿತದ ಸರ್ ರಿ. ಇದು ಹಗುರ ಅದ, ವಜ್ಜ ಇರೋದು ಕೊಡ್ರಿ!"

"ನಮ್ಮ ಅಣ್ಣಗ ಎರಡು ಹಾಕೊಳ್ಲೇನ್ರಿ?"

ಚೀಲಗಳ ಹೊಲಿಗೆ ಬಿಟ್ಟಿತು. ಆದರೂ ಮುಂದಿನ ಭಾನುವಾರ ಮಕ್ಕಳೆಲ್ಲ ಎಲ್ಲರನ್ನೂ ಕ್ಷಮಿಸಿದರು. ಕ್ಷಮಿಸದೆ ಬೆನ್ನು ಉಳಿಯುವಂತಿರಲಿಲ್ಲ. ಬಾಗಿಲಲ್ಲಿ ಕ್ಷಮೆಯ ರಾಶಿಯೇ ಬಿತ್ತು. ಚಪ್ಪಲಿ ಬಿಟ್ಟು ಗಂಭೀರವಾಗಿ ಒಳಗೆ ಬಂದ ಅಪ್ಪ ಅದಕ್ಕೇ ಎಡವಿದ. ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂತು.

ಅಪ್ಪ ಕೂಗಾಡಲಿಲ್ಲ. ಬಗ್ಗಿ ಆ ಕಲ್ಲನ್ನು ಎತ್ತಿ ಜುಬ್ಬಾದ ಕಿಸೆಗೆ ಹಾಕಿಕೊಂಡ. "ಇದನ್ನ ಕಮಿಟಿ ಮುಂದ ಇಡ್ತೀನಿ," ಎಂದು ಕುಂಟುತ್ತ ಹೊರಟ. ಮರೆಯಬಾರದೆಂದು ವಾರವಿಡೀ ಹೊತ್ತು ತಿರುಗಿದ. ಯಾವ ಜುಬ್ಬಾ ತೊಟ್ಟರೂ ಬಲಗಡೆ ಜೋತುಬಿದ್ದಿರುತ್ತಿತ್ತು. ಅಕ್ಕ ತಮ್ಮನ ನಡುವೆ ಮಾತು ನಿಂತಿತು. ಅಂಚೆಯವನು ನಾನಾದೆ.

"ನಿಮ್ಮಪ್ಪಗ ಹೇಳು, ಬೆರಳಿಗಿ ಅರಿಶಿಣ ಹಚ್ಚಂತ."

"ನಿಮ್ಮ ಅತ್ತಿಗಿ ಹೇಳು, ಐತವಾರ ಆರಾಧನಿ ಮುಗದಮ್ಯಾಲ ಕಮಿಟಿ ಅದಂತ."

ಆ ಭಾನುವಾರದ್ದೇ ಕೊನೆಯ ಕ್ಲಾಸು ಎಂದು ನನಗೂ ಗೊತ್ತಿತ್ತು, ಅತ್ತಿಗೂ ಗೊತ್ತಿತ್ತು. ಅವಳು ಆರಿಸಿದ್ದು ಯೇಸು ತನ್ನ ಶಿಷ್ಯರ ಕಾಲು ತೊಳೆದ ಪಾಠ. ಒಬ್ಬರು ಕುರ್ಚಿಯ ಮೇಲೆ ಕೂರಬೇಕು, ಇನ್ನೊಬ್ಬರು ಬೋಗುಣಿಯಲ್ಲಿ ಕಾಲು ತೊಳೆಯಬೇಕು, ಕಚಗುಳಿಯಾದರೂ ಒದೆಯಬಾರದು. ಅರ್ಧ ಮಕ್ಕಳು ಒದ್ದರು. ನಾನು ಟವೆಲ್ಲು ಹಿಡಿದು ನಿಂತಿದ್ದೆ. ಆಗ ಬಾಗಿಲಿಗೆ ಅಪ್ಪ ಬಂದ, ಕಾಲಿಗೆ ಪಟ್ಟಿ ಕಟ್ಟಿಕೊಂಡು. ಕ್ಲಾಸು ಮುಗಿಸಿರೆಂದು ಹೇಳಲು ಬಂದಿದ್ದ. ಬಾಯಿ ತೆರೆಯುವುದರೊಳಗೆ ಮಕ್ಕಳು ಅವನ ಕೈ ಹಿಡಿದೆಳೆದರು.

"ಕುಂದ್ರಿ ಅಂಕಲ್, ಕುಂದ್ರಿ! ನಿಮ್ಮ ಪಾಳಿ!"

ಅಪ್ಪ ಕುರ್ಚಿಯಲ್ಲಿ ಕುಸಿದ. ಕಿಸೆಯ ಕಲ್ಲು ಕುರ್ಚಿಯ ಕಬ್ಬಿಣಕ್ಕೆ ಬಡಿದು ಠಣ್ ಎಂದಿತು. ಗೌಂಡಿಯ ಮಗಳು ಕಿಸೆಯನ್ನು ಮುಟ್ಟಿ ನೋಡಿ ಕೂಗಿದಳು:

"ಟೀಚರ್, ಅಂಕಲ್ ಕಿಸೆದಾಗ ಇನ್ನಾ ಕಲ್ಲದರಿ! ಯಾರ ಮ್ಯಾಲ ಸಿಟ್ಟರಿ ಅಂಕಲ್?"

ಅಪ್ಪನ ಕಿವಿಗಳೆರಡೂ ಕೆಂಪಾದವು. ಅತ್ತಿ ವರ್ಷಗಳಿಂದ ಮಡಚದ ಮೊಣಕಾಲನ್ನು ಮೆಲ್ಲಗೆ ಮಡಚಿ, ಕುರ್ಚಿಯ ಕಾಲು ಹಿಡಿದು ನೆಲಕ್ಕೆ ಕುಳಿತಳು. ಅಪ್ಪನ ಪಾದವನ್ನು ಬೋಗುಣಿಯಲ್ಲಿಟ್ಟು, ಪಟ್ಟಿ ಕಟ್ಟಿದ ಬೆರಳನ್ನು ನೀರಿನಿಂದ ಮೇಲೆ ಹಿಡಿದು, ಉಳಿದದ್ದನ್ನು ತೊಳೆದಳು.

"ಈಗೂ ಹಿಮ್ಮಡಿ ತಿಕ್ಕಿ ತೊಳಕೊಳ್ಳಾಕ ಬರಲ್ಲ ನೋಡು ಇಂವಗ," ಎಂದಳು, ಯಾರಿಗೋ ಎಂಬಂತೆ.

"ಏಳಕ್ಕಾ," ಎಂದ ಅಪ್ಪ. "ನಿನ್ನ ಮೊಣಕಾಲು ನೋಯ್ತದ. ಏಳು."

ಅವಳಿಗೆ ಏಳಲಾಗಲಿಲ್ಲ. ಅಪ್ಪ ಒದ್ದೆ ಕಾಲಿನಲ್ಲೇ ಎದ್ದು, ಕಂಕುಳಿಗೆ ಕೈ ಕೊಟ್ಟು ಅವಳನ್ನು ಎತ್ತಿ ಅದೇ ಕುರ್ಚಿಯಲ್ಲಿ ಕೂರಿಸಿದ. ಆಮೇಲೆ ಕುಂಟುತ್ತ ಬಾಗಿಲ ತನಕ ಹೋಗಿ ಬಗ್ಗಿದ. ಫರಸಿಯ ಮೇಲೆ ಅವನ ಹೆಜ್ಜೆಗಳು ಹಸಿಯಾಗಿ ಮೂಡಿದ್ದವು. ಒರೆಸುವುದು ನನ್ನ ಕೆಲಸ. ನಾನು ಒರೆಸಲಿಲ್ಲ.

ಕಮಿಟಿಯಲ್ಲಿ ಒಬ್ಬರು ಕೇಳಿದರು: "ಅಧ್ಯಕ್ಷರ, ಆ ಕಲ್ಲು ತೋರಸ್ತೀನಿ ಅಂದಿದ್ರಲ್ರಿ, ಎಲ್ಲದ?"

ಅಪ್ಪ ತನ್ನ ಹಿಮ್ಮಡಿಯನ್ನೊಮ್ಮೆ ನೋಡಿಕೊಂಡ.

"ಬಾಗಲಾಗ ಇಟ್ಟು ಬಂದೀನ್ರಿ," ಎಂದ. "ಭಾಳ ವಜ್ಜ ಇತ್ತು."